ಬಾಯಲ್ಲಿ ಹೇಳಬಾರದ ಹೆಸರು

ಗೌಡಗೆರೆ, ಶಿರಾ ತಾಲ್ಲೂಕು
21-11-2025, ಶುಕ್ರವಾರ

ಪ್ರೀತಿಯ ಮಗಳು ಮಂಜುಳಾಗೆ,

ನಿಮ್ಮವ್ವನ್ನ ಆಸ್ಪತ್ರೆಗೆ ಸೇರ್ಸೀವಿ, ಕೂಡ್ಲೆ ಹೊರಟು ಬಾ.

ಎದೆ ಧಸಕ್ ಅಂತಾ? ಸುಳ್ಳು ಕಣವ್ವ. ಅವಳು ಜಗಲಿ ಮೇಲೆ ಕಡ್ಲೆಕಾಯಿ ಸುಲೀತಾ ನನ್ನ ಬೈತಾ ಕೂತವ್ಳೆ, ಎರಡು ಕೆಲ್ಸಾನೂ ಜೋರಾಗೇ ನಡೀತೈತೆ. ಫೋನ್ ಮಾಡಿದ್ರೆ ಕಟ್ ಮಾಡ್ತೀಯ, ಕಾಗದಾನೂ ಓದ್ದೆ ಮಡಚಿಡ್ತೀಯ ಅಂತ ಇಂಗೆ ಹೆದರಿಸ್ದೆ. ಹೆಂಗಿದ್ದೀಯ? ವಳ್ಳೂರಲ್ಲಿ ನಿಮ್ಮಕ್ಕ ಜ್ಯೋತಿಲಕ್ಷ್ಮಿ ಮನೇಲಿ ಹೊಟ್ಟೆ ತುಂಬ ಉಣ್ತೀಯೋ, ಇಲ್ಲ ಅಳ್ತಾನೇ ಕೂತಿದ್ದೀಯೋ? ಊರ ಸುತ್ತ ಸೋಲಾರ್ ಪ್ಲೇಟು ಹಾಕವ್ರಲ್ಲ, ಕಣ್ಣೀರು ಒಣಗಾಕೆ ಒಳ್ಳೆ ಜಾಗ. ಸಾಕು, ಈಗ ಸುದ್ದಿ ಕೇಳು. ಸೇಡು ತೀರ್ಸ್ಕಂಡೆ.

ಆವತ್ತಿಂದು ನೆನೆಸ್ಕಂಡ್ರೆ ಈಗ್ಲೂ ಹಲ್ಲು ಕಡೀತೀನಿ, ಉಳಿದಿರೋ ಹಲ್ಲಲ್ಲೇ. ಮಕ್ಕಳಿಗೆ ಆರೋಗ್ಯ ವಿಮೆ ಕಾರ್ಡ್ ಮಾಡ್ಸೋದು ಹೆಂಗೆ ಅಂತ ನಿಮ್ಮ ಆಶಾ ಕಾರ್ಯಕರ್ತೇರಿಗೆಲ್ಲ ಹೇಳ್ಕೊಡಾಕೆ ಬಂದ್ನಲ್ಲ ಆ ರೇಣುಕಪ್ರಸಾದ್, ತರಬೇತಿ ಅಂತ ಕರ್ದು ತರಲೆ ಮಾಡ್ದೋನು, "ತಾಯಿ ಏನ್ ಹೇಳ್ತಾಳೋ ಅದನ್ನೇ ಬರ್ಕೊಳ್ಳಿ, ಮನೆ ಪುರಾಣ ಕೇಳ್ತಾ ಕೂರಬೇಡಿ" ಅಂದೋನು ಅವನೇ. ನಮ್ಮ ಬೀದಿ ಶೃತಿ ಮಗೀಗೆ ಇಟ್ಟಿರಾದು ಸತ್ತೋದ ಅವಳ ಮಾವನ ಹೆಸರು, ಸಣ್ಣರಂಗಯ್ಯ. ಮಾವನ ಹೆಸರು ಸೊಸೆ ಬಾಯಲ್ಲಿ ಬತ್ತದಾ? ದಿನಾ ಕರೆಯೋ ಹಂಗೆ 'ರಾಜ' ಅಂದ್ಲು, ನೀನು ಅಂಗೇ ಬರ್ಕಂಡೆ. ಆ ಕೂಸಿಗೆ ಎದೇಲಿ ತೂತು. ಆಪರೇಷನ್‌ಗೆ ಹೋದ್ರೆ ಕಾರ್ಡಲ್ಲೊಂದು ಹೆಸರು, ಜನನ ಪತ್ರದಲ್ಲೊಂದು ಹೆಸರು ಅಂತ ವಾಪಸ್ ಕಳ್ಸಿದ್ರು. ಆವಾಗ ಆ ಮಹಾರಾಯ ತನ್ನ ಮಾತು ತಾನೇ ನುಂಗ್ಕಂಡು, ಅಷ್ಟೂ ಜನದ ಮುಂದೆ ನಿನ್ನ ನಿಲ್ಲಿಸಿ, "ಹೆಸರು ಕೇಳೋಕೂ ಬರದೋಳು ಈ ಕೆಲಸಕ್ಕೆ ಯಾಕ್ರೀ ಬರ್ತಾಳೆ" ಅಂದ. ನೀನು ಬಾಯಿಗೆ ಸೆರಗಿಟ್ಕಂಡು ಪಾವಗಡ ಬಸ್ ಹತ್ತುದ್ದೆ.

ಅವನ ಬೈಕಿನ ಗಾಳಿ ತೆಗೀಲಾ, ಹೆಲ್ಮೆಟ್ಟಿಗೆ ಕೆಂಜಿಗ ಬುಡ್ಲಾ ಅಂತೆಲ್ಲ ಯೋಚ್ನೆ ಮಾಡ್ದೆ. ಅದೆಲ್ಲ ಸಂಜೆಗೆ ಇಳಿದೋಗೋ ಉರಿ. ಮಧುಗಿರೀಲಿ ಬಸ್ ಬದಲಾಯಿಸಿ ಕೊರಟಗೆರೇಲಿರೋ ಅವರವ್ವನ ಹತ್ರ ದೂರು ಹೇಳಾಕೆ ಹೋದೆ. ನಾಗರತ್ನಮ್ಮ ಅಂತ, ಬಲು ಮರ್ಯಾದಸ್ಥರು, ಮಜ್ಜಿಗೆ ಕೊಟ್ರು. ಅಂಗಳದಲ್ಲಿ ಆಡ್ತಿದ್ದ ಮೊಮ್ಮಗನ್ನ 'ಸ್ವಾಮಿ, ಸ್ವಾಮಿ' ಅಂತ ಕರೀತಿದ್ರು. ಅದ್ಯಾಕ್ ತಾಯಿ ಸ್ವಾಮಿ ಅಂದ್ರೆ, "ನಮ್ಮ ಯಜಮಾನ್ರ ಹೆಸರು ಇಟ್ಟವ್ರಲ್ಲ" ಅಂತ ನಾಚ್ಕಂಡ್ರು. ಮಜ್ಜಿಗೆ ನೆತ್ತಿಗತ್ತಿತು ಕಣವ್ವ, ಸಂತೋಸಕ್ಕೆ! ದೂರು ಹೇಳೋ ಮಾತೇ ಬುಟ್ಟು, ಶಿರಾದಾಗೆ ನಿಮ್ಮಗ ಪಾಠ ಮಾಡೋ ಚೆಂದ ನೋಡಬನ್ನಿ ಅಂತ ಕರ್ದೆ.

ಮೊನ್ನೆ ಬುಧವಾರ ಶಿರಾ ತರಬೇತೀಲಿ ಆಯಮ್ಮನ್ನ ಹಿಂದ್ಲು ಬೆಂಚಲ್ಲಿ ಕೂರಿಸ್ದೆ. ಇವನು ಬೋರ್ಡ್ ಕಡೆ ತಿರುಗ್ಕಂಡೇ, "ಕಾರ್ಡ್ ಬರ್ಕೊಳ್ಳೋ ಅಭ್ಯಾಸ ಮಾಡೋಣ, ಮನೆಯವರ ಥರ ಮಾತಾಡೋಕೆ ಯಾರಾದ್ರೂ ಅಜ್ಜಿ ಬನ್ನಿ" ಅಂದ. ಅವರವ್ವನೇ ಎದ್ದು ಬಂದ್ರು. ಇವನ ಮುಖ ಸುಣ್ಣದ ಗೋಡೆ ಆಯ್ತು. ನಿನ್ನ ಜೊತೆ ಕೆಲ್ಸ ಮಾಡ್ತಾಳಲ್ಲ ಶಿವರುದ್ರಮ್ಮ, ಅವಳು ಆಯಮ್ಮನ ಮೊಮ್ಮಗನ ಹೆಸರು ಕೇಳಿದ್ಲು. "ಸ್ವಾಮಿ." ಪೂರ್ತಿ ಹೆಸರು ಹೇಳಮ್ಮ. "ಅಯ್ಯೋ, ನನ್ನ ಬಾಯಲ್ಲಿ ಹೆಂಗವ್ವ ಹೇಳ್ಲಿ!" ಶಿವರುದ್ರಮ್ಮ ಪೆನ್ನೆತ್ತಿ, "ಸಾರ್, ಹೇಳಿದ್ದೇ ಬರ್ಕಳ್ಳಾ?" ಅಂದ್ಲು ನೋಡು, ಸಭೆಯೆಲ್ಲ ಗೊಳ್ ಅಂತು. ಆವಾಗ ನಾನೆದ್ದು ನಿನ್ನ ಕತೆ ಅವರವ್ವಂಗೆ ಕೇಳಂಗೆ ಪೂರ್ತಿ ಹೇಳ್ದೆ. ಆಯಮ್ಮ ಮಗನ ಹತ್ರಕ್ಕೆ ಹೋಗಿ, "ಆ ಹುಡುಗೀಗೆ ಅಂದ ಮಾತು ನಂಗೂ ಅನ್ನು. ಎಲ್ರ ಮುಂದೇನೇ ಅನ್ನೋ" ಅಂದ್ರು. ನಂಗೆ ಹೋಳಿಗೆ ಉಂಡಂಗಾಯ್ತು.

ಅಲ್ಲೇ ಇದ್ದ ತಾಲ್ಲೂಕು ಆಸ್ಪತ್ರೆ ಡಾಕ್ಟ್ರು, ತಪ್ಪು ತನ್ನದೇ ಅಂತ ಅವನ ಕೈಲೇ ಬರೆಸ್ಕಂಡ್ರು. ಕಾರ್ಡ್ ಸರಿ ಮಾಡ್ಸಿ, ಕೂಸಿಗೆ ಮುಂದ್ಲು ತಿಂಗಳು ಆಪರೇಷನ್ ಅಂತ ಹೇಳವ್ರೆ. ಬರೋ ಗುರುವಾರ ಅದೇ ಸಭೇಲಿ ನಿನ್ನ ಕ್ಷಮೆ ಕೇಳ್ತಾನಂತೆ. ಮುಂದ್ಲು ಸಾಲಲ್ಲಿ ನಂಗೊಂದು ಕುರ್ಚಿ ಈಗ್ಲೇ ಹೇಳಿವ್ನಿ.

ನಿಮ್ಮವ್ವ ಕದರಮ್ಮ ಆಶೀರ್ವಾದ ಹೇಳವ್ಳೆ. ನಂದೂ ಐತೆ, ಜೊತೆಗೆ ಫೋನ್ ಕಟ್ ಮಾಡಿದ್ದಕ್ಕೆ ಎರಡು ಬೈಗುಳ.

ಇಂತಿ ನಿನ್ನಪ್ಪ,
ಪಾಲಪ್ಪ

ಮರ್ತಿದ್ದೆ: ಬಸ್ ಹತ್ತೋವಾಗ ರಾಜೀನಾಮೆ ಬರ್ದು ನನ್ ಕೈಗೆ ಕೊಟ್ಯಲ್ಲ, ಅದನ್ನ ಕೊಡ್ಲೇ ಇಲ್ಲ ಕಣವ್ವ, ನೀರೊಲೆಗೆ ಹಾಕ್ಬುಟ್ಟೆ. ಆಫೀಸಲ್ಲಿ ನಿಂಗೆ ಟೈಫಾಯ್ಡ್ ಅಂದಿವ್ನಿ. ಕೆಲ್ಸ ಇನ್ನೂ ನಿಂದೇ. ಗುರುವಾರ ತಪ್ಪಿಸ್ಬೇಡ, ಬರೋವಾಗ ಒಸಿ ಸೊರಗಿದಂಗೆ ಬಾ.