ಗಾಜಿನೊಳಗಿನ ಅಜ್ಜಿ

ನವೆಂಬರ್, ಎರಡನೆಯ ಭಾನುವಾರ
ಮಧ್ಯಾಹ್ನ

ನನ್ನ ಮೊಂಡಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ. ನೀನೂ ನಿನ್ನ ಯಜಮಾನರೂ ಕ್ಷೇಮವೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಯಜಮಾನರ ಮುಖ ನಾನು ನೋಡಿಲ್ಲ. ನಿನಗೆ ಮದುವೆಯಾದ ಸುದ್ದಿಯೇ ನಮ್ಮ ಬೀದಿಯ ಟೈಲರಮ್ಮ ಬಂದು ಹೇಳಿದ ಮೇಲೆ ತಿಳಿದದ್ದು. ಆದರೂ ಕ್ಷೇಮ ಕೇಳುವುದಕ್ಕೆ ಮುಖಪರಿಚಯ ಬೇಕಿಲ್ಲವಲ್ಲ, ಕೇಳಿದೆನೆಂದು ಹೇಳು.

ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಈಸ್ಟರ್ ಹೊತ್ತಿಗೆ ಬರೆದದ್ದೇ ಕೊನೆ. ಅದಕ್ಕೆ ನಿನ್ನ ಉತ್ತರವೂ ಬರಲಿಲ್ಲ, ಕಾಗದವೂ ವಾಪಸ್ ಬರಲಿಲ್ಲ. "ವಾಪಸ್ ಬಂದಿಲ್ಲ ಅಂದ್ರೆ ಸೇರಿದೆ ಅಂತಾನೇ ಅಜ್ಜಿ" ಎನ್ನುತ್ತಾನೆ ಪೋಸ್ಟ್‌ಮ್ಯಾನ್. ಅವನ ಬಾಯಿಗೆ ಸಕ್ಕರೆ ಹಾಕಬೇಕು. ನಾನೋ ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿಗೆ ಮಂಗಳ ಹಾಡಿದವಳು. ಬರೆದದ್ದನ್ನು ನಿನ್ನ ಅಣ್ಣನ ಮಗಳು ತಿದ್ದುತ್ತಾಳೆ. ಈಗಲೂ ಪಕ್ಕದಲ್ಲೇ ಕೂತು, "ಅಜ್ಜಿ, ದೀರ್ಘ ಎಲ್ಲಿ ಹೋಯ್ತು?" ಎಂದು ಜೀವ ತಿನ್ನುತ್ತಿದ್ದಾಳೆ. ನಿನ್ನ ಹಾಗೆಯೇ ಬಾಯಿ. ನನ್ನ ಹಾಗೆ ಎಂದು ನಿನ್ನ ಅಣ್ಣ ಹೇಳುತ್ತಾನೆ, ಅವನಿಗೇನು ಗೊತ್ತು.

ತಡಕ್ಕೆ ಇನ್ನೊಂದು ಕಾರಣ ಇದೆ. ನನಗೆ ಕೆಲಸ ಸಿಕ್ಕಿದೆ. ನಗಬೇಡ.

ಪೇಟೆಯ ಆ ದೊಡ್ಡ ಅಂಗಡಿ ಗೊತ್ತಲ್ಲ, ನೀನು ಚಿಕ್ಕವಳಿದ್ದಾಗ ಅದರ ಗಾಜಿಗೆ ಮೂಗು ಒತ್ತಿ ನಿಂತುಬಿಡುತ್ತಿದ್ದೆ, ಅಪ್ಪ ಎತ್ತಿಕೊಂಡೇ ಹೊರಡಬೇಕಾಗುತ್ತಿತ್ತು, ಅದೇ. ಸೆಪ್ಟೆಂಬರ್ ಮೊದಲಲ್ಲಿ ಸೂಜಿ ದಾರ ತರೋಣವೆಂದು ಹೋದೆ. ಬಾಗಿಲ ಒಂದು ಪಕ್ಕದಲ್ಲಿ ಇನ್ನೂ ಶಾಲೆ ಮಕ್ಕಳ ರೇನ್‌ಕೋಟು ನೇತಾಡುತ್ತಿದೆ. ಇನ್ನೊಂದು ಪಕ್ಕದಲ್ಲಿ ಆಗಲೇ ಹತ್ತಿಯ ಹಿಮ, ಬಣ್ಣದ ಬಲ್ಬು, ನನ್ನ ಎರಡರಷ್ಟು ಎತ್ತರದ ಪ್ಲಾಸ್ಟಿಕ್ ಮರ. ಮೈಯೆಲ್ಲ ಉರಿದುಹೋಯಿತು. ಅಲ್ಲೊಬ್ಬ ಸೂಪರ್‌ವೈಸರು ಏಣಿಯ ಮೇಲೆ ನಿಂತಿದ್ದ. ಅವನನ್ನೇ ಹಿಡಿದುಕೊಂಡೆ.

"ಏನಪ್ಪಾ, ಕ್ಯಾಲೆಂಡರ್ ನೋಡೋಕೆ ಬರಲ್ವಾ ನಿಮಗೆ? ಸೆಪ್ಟೆಂಬರಲ್ಲಿ ಯಾರು ಹುಟ್ಟಿದ್ರು?"

"ಬೇಗ ಶುರು ಮಾಡಿದ್ರೆ ಬೇಗ ಖುಷಿ ಅಲ್ವಾ ಅಜ್ಜಿ?"

"ಹಂಗಾದ್ರೆ ನಾಳೆನೇ ನಿನ್ನ ಅರವತ್ತನೇ ವರ್ಷದ ಹುಟ್ಟುಹಬ್ಬ ಮಾಡ್ಕೊಂಡುಬಿಡು, ಬೇಗ ಖುಷಿಯಾಗುತ್ತೆ."

ಅವನು ಕೋಪಿಸಿಕೊಳ್ಳಲಿಲ್ಲ ನೋಡು. ಏಣಿ ಇಳಿದು, ಕಬ್ಬಿಣದ ಬೀರು ಕೊಳ್ಳಲು ಬಂದವನ ಹಾಗೆ ನನ್ನನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದ. "ಅಜ್ಜಿ, ನಮ್ಮ ಕಿಟಕೀಲಿ ಕೂತ್ಕೊಳ್ತೀರಾ? ಕ್ರಿಸ್ಮಸ್ ತಾತನ ಹೆಂಡತಿ, ಕ್ರಿಸ್ಮಸ್ ಅಜ್ಜಿ ಥರ. ಸುಮ್ನೆ ಹೆಣೀತಾ ಇದ್ರೆ ಸಾಕು. ಮಾತಾಡೋ ಹಾಗಿಲ್ಲ ಅಷ್ಟೇ" ಎಂದ.

ಮಾತಾಡಿದರೂ ಯಾರಿಗೂ ಕೇಳಿಸುವುದಿಲ್ಲ. ಗಾಜು ಅಷ್ಟು ದಪ್ಪ.

ಹೀಗೆ ನಿನ್ನ ಅಮ್ಮ ಬೊಂಬೆಯಾದಳು. ತೂಗುವ ಕುರ್ಚಿ, ಕೆಂಪು ಶಾಲು, ಗಾಜಿಲ್ಲದ ಕನ್ನಡಕ. ನನ್ನ ಕೂದಲು ಪೂರ್ತಿ ನೆರೆತಿದ್ದರೂ ಅವರಿಗೆ ಸಾಲದು, ಮೇಲೊಂದು ಬಿಳಿ ವಿಗ್ಗು. ಕ್ರಿಸ್ಮಸ್ಸಿನ ಬಿಳಿ ಬೇರೆಯಂತೆ. ಕೆನ್ನೆಗೆ ಕೆಂಪು ಬಳಿಯುತ್ತಾರೆ. ಈ ವಯಸ್ಸಿನಲ್ಲಿ! ಹಿಂದಿನ ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲು, ಬಗ್ಗಿ ನುಸುಳಿ ಒಳಗೆ ಹೋಗಬೇಕು. ಮೇಲಿನಿಂದ ದೀಪಗಳ ಕಾವು. ಹಿಮದ ನಡುವೆ ಕೂತು ಬೆವರುತ್ತೇನೆ. ಬಾಗಿಲ ಹತ್ತಿರ ನಿಲ್ಲುವ ಕ್ರಿಸ್ಮಸ್ ತಾತ ನನ್ನ ಮಗನಿಗಿಂತ ಚಿಕ್ಕವನು. ಗಡ್ಡ ಗದ್ದದ ಕೆಳಗೆ ಎಳೆದುಕೊಂಡು ಬೀಡಿ ಸೇದುತ್ತಾನೆ, ನನ್ನನ್ನು ಕಂಡರೆ "ನಮಸ್ಕಾರ ಅಮ್ಮಾ" ಎಂದು ಮುಚ್ಚಿಡುತ್ತಾನೆ. ಒಳ್ಳೆಯ ಗಂಡನೇ ಸಿಕ್ಕಿದ ನನಗೆ.

ನಿನ್ನ ಅಣ್ಣ ಸಿಟ್ಟಿನಿಂದ ಕುಣಿದಾಡಿದ. "ಜನ ಏನಂತಾರೆ? ಅಮ್ಮನ್ನ ಅಂಗಡಿ ಕಿಟಕೀಲಿ ಕೂರಿಸಿದಾನೆ ಅಂತಾರೆ. ನಿಂಗೆ ಮನೇಲಿ ಏನು ಕಮ್ಮಿಯಾಗಿದೆ?"

"ಮನೇಲಿ ಗೋಡೆ ನೋಡ್ತೀನಿ, ಅಲ್ಲಿ ಜನ ನೋಡ್ತೀನಿ. ಅಷ್ಟೇ ವ್ಯತ್ಯಾಸ" ಎಂದೆ. ಅವನಿಗೆ ಹೇಳಿದ್ದು ಅಷ್ಟು.

ಕೆಲಸವೇನೋ ಸುಲಭ. ಆದರೆ ಮೊದಲ ದಿನವೇ ನನಗೂ ಸೂಪರ್‌ವೈಸರನಿಗೂ ಜಗಳ ಹತ್ತಿಕೊಂಡಿತು. ಕುರ್ಚಿಯ ಪಕ್ಕದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಇಟ್ಟಿದ್ದಾರೆ. ಕುರಿ, ದನ, ಮರಿಯಮ್ಮನವರು, ಎಲ್ಲ ಸರಿ. ಹುಲ್ಲಿನ ಮೇಲೆ ಮಗುವನ್ನೂ ಮಲಗಿಸಿಬಿಟ್ಟಿದ್ದಾರೆ! ಸೆಪ್ಟೆಂಬರಿನಲ್ಲಿ! ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಹಬ್ಬದ ಹಿಂದಿನ ರಾತ್ರಿಯವರೆಗೂ ಗೋದಲಿ ಖಾಲಿ ಇರಬೇಕು. ಖಾಲಿ ನೋಡಿ ನೋಡಿ ಕಾಯಬೇಕು. ಕಾಯದೆ ಸಿಕ್ಕ ಮಗುವಿಗೆ ಏನು ಬೆಲೆ? ನಾನು ಬೊಂಬೆಯನ್ನು ಎತ್ತಿ ಉಲ್ಲನ್ ಬುಟ್ಟಿಯಲ್ಲಿ ಹಾಕಿ ಮುಚ್ಚಿಟ್ಟೆ.

ಅವನು ಓಡಿಬಂದ. "ಅಜ್ಜಿ, ಬೇಬಿ ಎಲ್ಲಿ?"

"ಇನ್ನೂ ಹುಟ್ಟಿಲ್ಲ."

"ಅಯ್ಯೋ, ಜನ ಅದನ್ನ ನೋಡಿ ತಾನೇ ಸೆಟ್ ತಗೊಳ್ಳೋದು!"

"ಹುಟ್ಟೋಕೆ ಮುಂಚೆ ಮಾರಾಟಕ್ಕೆ ಇಡ್ತೀರಲ್ಲ, ನಾಚಿಕೆ ಆಗಲ್ವಾ?"

ಬೆಳಿಗ್ಗೆ ಅವನು ಇಡುತ್ತಾನೆ, ಅವನು ಬೆನ್ನು ತಿರುಗಿಸಿದರೆ ನಾನು ತೆಗೆಯುತ್ತೇನೆ. ಈಗ ಅವನೇ ಸೋತು ಕೈಬಿಟ್ಟಿದ್ದಾನೆ. ಇಡೀ ಅಂಗಡಿಯಲ್ಲಿ ಸರಿಯಾಗಿರುವುದು ಆ ಒಂದು ಖಾಲಿ ಹುಲ್ಲು.

ನಮ್ಮ ಗೋದಲಿ ನೆನಪಿದೆಯಾ? ಅಪ್ಪ ಪುಸ್ತಕ ಬೈಂಡಿಂಗ್ ಕೆಲಸದಲ್ಲಿ ಉಳಿದ ರಟ್ಟು ತಂದು ಮಾಡಿದ್ದು. ಕುರಿಗಳ ಮೈಮೇಲೆಲ್ಲ ಯಾವುದೋ ಲೆಕ್ಕದ ಪುಸ್ತಕದ ಕೆಂಪು ಗೆರೆಗಳು. ಮುರಿದ ದಬ್ಬಳದ ಮರದ ಹಿಡಿಯನ್ನು ಕೆತ್ತಿ ಹೆಬ್ಬೆರಳಿನಷ್ಟು ಬಾಲಯೇಸು ಮಾಡಿದರು. ಚಾಕು ಜಾರಿ ಒಂದು ಕಿವಿ ದೊಡ್ಡದಾಗಿ ಉಳಿದುಹೋಯಿತು. "ಪಾಪ, ಇವನಿಗೆ ಜಾಸ್ತಿ ಕೇಳಿಸುತ್ತೆ" ಎಂದೆ ನೀನು. ಅವತ್ತಿನಿಂದ ಅದು ನಿನ್ನದು. ವರ್ಷವಿಡೀ ನಿನ್ನ ಪೆನ್ಸಿಲ್ ಡಬ್ಬಿಯಲ್ಲಿ ಇರುವುದು, ಹಬ್ಬದ ಹಿಂದಿನ ರಾತ್ರಿ ನೀನೇ ತಂದು ಮಲಗಿಸುವುದು. ಅಂಗಡಿ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಾಗಲೂ ಜೊತೆಗೇ ತೆಗೆದುಕೊಂಡು ಹೋದೆ. ಅಪ್ಪ ಹಠ ಮಾಡಲಿಲ್ಲ. "ಮಗು ಅವಳ ಹತ್ರ ಇದ್ರೆ ಹಬ್ಬಕ್ಕೆ ಬಂದೇ ಬರ್ತಾಳೆ" ಎಂದು ನಕ್ಕರು.

ಒಂದು ಮಾತು ಹೇಳುತ್ತೇನೆ. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಕ್ರಿಸ್ಮಸ್ ಹಾಡುಗಳು. ಮೊದಲು ಚರ್ಚಿನಲ್ಲಿ ಆ ಹಾಡುಗಳ ಮೊದಲ ಸಾಲು ಎತ್ತಿದರೆ ಸಾಕು, ನನಗೆ ಕಣ್ಣು ತುಂಬುತ್ತಿತ್ತು. ಹೋದ ಭಾನುವಾರ ಮಕ್ಕಳು ಹಬ್ಬಕ್ಕೆಂದು ಅಭ್ಯಾಸ ಮಾಡುತ್ತಿದ್ದರು. ಕೂತು ಕೇಳಿದೆ. ಏನೂ ಆಗಲಿಲ್ಲ. ಕಣ್ಣು ಒಣಗಿದ ಬಾವಿಯ ಹಾಗೆ ಇತ್ತು. ಹಾಡಿನ ಜೊತೆಗೆ ಎಲ್ಲಿ ಅಂಗಡಿಯ ರೇನ್‌ಕೋಟಿನ ವಾಸನೆ ಬರುತ್ತದೋ ಎಂದು ಕಾಯುತ್ತಿದ್ದೆ. ನನ್ನ ಹತ್ತಿರ ಉಳಿದಿದ್ದ ಒಂದೇ ಒಂದು ಒಳ್ಳೆಯದನ್ನೂ ಉಜ್ಜಿ ಉಜ್ಜಿ ತೂತು ಮಾಡಿಬಿಟ್ಟರು.

ಹಾಗೆಂದು ಪೂರಾ ಬೈಯಲೂ ಬಾಯಿ ಬರುವುದಿಲ್ಲ. ಸಂಜೆ ದೀಪ ಹೊತ್ತಿಕೊಳ್ಳುವಾಗ ಹೊರಗೆ ಯಾವುದಾದರೂ ಮಗು ನಿಂತಿರುತ್ತದೆ. ಅದರ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಪ್ಲಾಸ್ಟಿಕ್ ಮರವೂ ಮರವೇ. ನಾನೂ ಅಜ್ಜಿಯೇ. ಆಮೇಲೆ ಅದರ ತಾಯಿ ರಟ್ಟೆ ಹಿಡಿದು ಎಳೆಯುತ್ತಾಳೆ, ಮತ್ತೆ ನಾನು ಕೂಲಿಯವಳು.

ಅಪ್ಪ ಹೋಗಿ ಐದನೆಯ ಕ್ರಿಸ್ಮಸ್ ಬರುತ್ತಿದೆ. ಅದನ್ನು ಬರೆಯಬಾರದು ಎಂದುಕೊಂಡೇ ಕೂತೆ, ಆದರೆ ಪೆನ್ನು ಅಲ್ಲಿಗೇ ಹೋಗುತ್ತದೆ. ನೀನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ಸೀಸನ್ನಿಗೆ ರಜೆಯಿಲ್ಲ ಎಂದು ಗೋಡೆಗೇ ಅಂಟಿಸಿದ್ದರಂತೆ. ತಂದೆ ಸತ್ತರು ಎಂದರೂ ಸಂಜೆಯವರೆಗೆ ಬಿಡಲಿಲ್ಲ. ಆಗ ಸೀಸನ್ ಎಂದರೆ ಡಿಸೆಂಬರ್ ಒಂದೇ. ಈಗ ಸೆಪ್ಟೆಂಬರಿನಿಂದಲೇ ಶುರು. ಇನ್ನು ಮನೆಯವರು ಸಾಯುವುದಾದರೆ ಯಾವ ತಿಂಗಳು ಸಾಯಬೇಕೋ, ಅದನ್ನೂ ಒಂದು ಚೀಟಿ ಬರೆದು ಅಂಟಿಸಿಬಿಡಲಿ.

ನೀನು ಬರುವ ಹೊತ್ತಿಗೆ ಮಣ್ಣಾಗಿತ್ತು. ಬಾಗಿಲಲ್ಲಿ ನಿನ್ನ ಅಣ್ಣ, "ಈಗ ಬಂದ್ಯಾ? ಸೇಲ್ ಮುಗೀತಾ?" ಎಂದ. ನಾನು ಒಳಗಿನ ಕೋಣೆಯಲ್ಲಿ ಹೆಂಗಸರ ನಡುವೆ ಸಿಕ್ಕಿಕೊಂಡಿದ್ದೆ. ಯಾರೋ ಹೇಳಿ, ಬಿಡಿಸಿಕೊಂಡು ಹೊರಗೆ ಬಂದರೆ, ಬೀದಿಯ ತಿರುವಿನಲ್ಲಿ ನಿನ್ನ ಬ್ಯಾಗಿನ ಕೆಂಪು ಪಟ್ಟಿ ಮಾತ್ರ ಕಂಡಿತು. ಮಗು ಆ ಬ್ಯಾಗಿನೊಳಗೇ ಇತ್ತು ಎಂದು ನನಗೆ ಗೊತ್ತು. ಅವನಿಗೂ ಆ ಮಾತು ಇನ್ನೂ ಗಂಟಲಲ್ಲಿದೆ. ನುಂಗಲೂ ಆರ, ಉಗುಳಲೂ ಆರ. ಪ್ರತಿ ಡಿಸೆಂಬರಿನಲ್ಲಿ ರಟ್ಟಿನ ಗೋದಲಿಯನ್ನು ಅವನೇ ಅಟ್ಟದಿಂದ ಇಳಿಸುತ್ತಾನೆ, ಅವನೇ ಧೂಳು ಒರೆಸುತ್ತಾನೆ. ಹಬ್ಬ ಕಳೆದ ಮೇಲೂ ಖಾಲಿ ಇರುವ ಗೋದಲಿ ಈ ಪೇಟೆಯಲ್ಲಿ ನಮ್ಮದೊಂದೇ. ಪೇಟೆಯಿಂದ ಬೇರೆ ಬೊಂಬೆ ತಂದು ಮಲಗಿಸೋಣ ಎಂದಳು ಮೊಮ್ಮಗಳು. ಅವನು ಊಟ ಬಿಟ್ಟು ಎದ್ದುಹೋದ.

ಈ ಸಲವಾದರೂ ಬಾ. ಅವನ ಮುಖ ನೋಡಬೇಡ, ನನ್ನ ಮುಖ ನೋಡು. ಒಂದು ಹೊತ್ತು ಸಾಕು. ನಿನ್ನ ಮನೆ ತುಂಬಿರಲಿ, ಕೈಕಾಲು ಗಟ್ಟಿಯಿರಲಿ, ಯಾವ ಅಂಗಡಿಯವನಿಗೂ ಹೆದರದ ಹಾಗೆ ದೇವರು ನಿನ್ನನ್ನು ಇಟ್ಟಿರಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ. ಮೊಮ್ಮಗಳು ಎದ್ದುಹೋಗಲಿ ಎಂದು ಕಾದೆ. ಇದನ್ನು ಅವಳು ತಿದ್ದಿಲ್ಲ, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನಾನು ಆ ಕಿಟಕಿಗೆ ಒಪ್ಪಿದ್ದು ಯಾಕೆಂದು ನಿನ್ನ ಅಣ್ಣನಿಗೆ ಹೇಳಿಲ್ಲ. ಸುತ್ತಲಿನ ಊರಿನವರೆಲ್ಲ ಸೀಸನ್ನಿಗೆ ಆ ಅಂಗಡಿಗೆ ಬರುತ್ತಾರೆ, ಆ ಗಾಜಿನ ಮುಂದೆ ನಿಲ್ಲದೆ ಯಾರೂ ಹೋಗುವುದಿಲ್ಲ. ನೀನಂತೂ ಹೋಗುವವಳಲ್ಲ. ಬೇಗ ಶುರು ಮಾಡಿದರೆಂದು ಬೈದೆನಲ್ಲ, ಒಳಗೊಳಗೆ ಇನ್ನಷ್ಟು ದಿನ ಸಿಕ್ಕಿತೆಂದು ಲೆಕ್ಕ ಹಾಕಿದೆ.

ಮೊನ್ನೆ ಗುರುವಾರ ಒಂದು ಮಗು ಬಂದು ಗಾಜಿಗೆ ಮೂಗು ಒತ್ತಿತು. ಮೂರು ವರ್ಷವಿರಬಹುದು. ಖಾಲಿ ಹುಲ್ಲನ್ನು ನೋಡಿತು, ನನ್ನನ್ನು ನೋಡಿತು. ಆಮೇಲೆ ಮುಷ್ಟಿ ಬಿಚ್ಚಿ, ತನ್ನ ಕೈಯಲ್ಲಿದ್ದದ್ದನ್ನು ಗಾಜಿಗೆ ಒತ್ತಿ ಹಿಡಿಯಿತು, ತಗೋ, ಮಲಗಿಸು ಎನ್ನುವ ಹಾಗೆ. ಹೆಬ್ಬೆರಳಿನಷ್ಟು ಮರದ ತುಂಡು. ಒಂದು ಕಿವಿ ದೊಡ್ಡದು.

ತಲೆಯೆತ್ತಿದರೆ ಹಿಂದೆ ನೀನು.

ನಿನ್ನಿಂದಲೂ ನನಗೊಂದು ಮೊಮ್ಮಗುವಿದೆ ಎಂದು ತಿಳಿದದ್ದು ಹೀಗೆ. ನಾನು ಎದ್ದು ಗಾಜು ಬಡಿದೆ. ನಿನ್ನ ಹೆಸರು ಕೂಗಿದೆ. ಬೊಂಬೆ ಎದ್ದು ಕುಣಿಯಿತೆಂದು ಜನ ಚಪ್ಪಾಳೆ ತಟ್ಟಿದರು. ನೀನೂ ನಕ್ಕೆ. ವಿಗ್ಗು, ಕನ್ನಡಕ, ಕೆನ್ನೆಗೆ ಬಣ್ಣ, ಗೊತ್ತಾಗಲಿಲ್ಲ ನಿನಗೆ. ಹಾಗೆಂದೇ ನಂಬಿದ್ದೇನೆ. ಗೊತ್ತಾಗಿಯೂ ನಕ್ಕಿದ್ದರೆ ಅದನ್ನು ಮಾತ್ರ ಬರೆಯಬೇಡ. ನೀನು ಮಗುವಿನ ಕೈಯಿಂದ ಟಾಟಾ ಮಾಡಿಸಿದೆ. ಎತ್ತಿಕೊಂಡು ಹೊರಟೆ, ಅಪ್ಪ ನಿನ್ನನ್ನು ಎತ್ತಿಕೊಳ್ಳುತ್ತಿದ್ದ ಹಾಗೆಯೇ. ನಾನು ಆ ಗಿಡ್ಡ ಬಾಗಿಲಲ್ಲಿ ನುಸುಳಿ ಬೀದಿಗೆ ಬರುವಷ್ಟರಲ್ಲಿ ಬರೀ ಜನ. ಬಸ್ ನಿಲ್ದಾಣದವರೆಗೂ ಆ ವೇಷದಲ್ಲೇ ಓಡಿದೆ. ಊರಿಗೆ ಬಂದು, ಮನೆಯ ಬೀದಿಯನ್ನು ದಾಟಿಕೊಂಡೇ ವಾಪಸ್ ಹೋಗಿದ್ದೀಯ.

ಹೆಣ್ಣೋ ಗಂಡೋ ಅದೂ ತಿಳಿಯಲಿಲ್ಲ, ಅದಕ್ಕೆ ನೀನು ಟೋಪಿ ಹಾಕಿದ್ದೆ. ಹೆಸರೇನು? ಬರದಿದ್ದರೆ ಹೋಗಲಿ, ಹೆಸರೊಂದು ಬರೆ.

ತಿರುಗಿ ಬಂದು ಕುರ್ಚಿಯಲ್ಲಿ ಕೂತೆ, ಇನ್ನೆಲ್ಲಿಗೆ ಹೋಗಲಿ. ಗಾಜಿನ ಆಚೆ ಬದಿಯಲ್ಲಿ ಅದರ ಮೂಗಿನ ಗುರುತು, ಪಕ್ಕದಲ್ಲಿ ಐದು ಬೆರಳು ಹಾಗೇ ಉಳಿದಿದ್ದವು. ಈಚೆಯಿಂದ ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಸಂಜೆ ಕಸ ಗುಡಿಸುವವಳು ಬಟ್ಟೆ, ಬಕೆಟ್ಟು ಹಿಡಿದು ಹೊರಗಿನಿಂದ ಒರೆಸುತ್ತ ಬಂದಳು. ಒರೆಸಬೇಡ ಕಣೇ, ಅಷ್ಟು ಜಾಗ ಬಿಡೇ ಎಂದು ಎಷ್ಟು ಕೂಗಿದರೂ ಅವಳಿಗೆ ಕೇಳಿಸಲಿಲ್ಲ. ನನ್ನನ್ನು ನೋಡಿ ನಕ್ಕು, ಒರೆಸಿಕೊಂಡು ಮುಂದೆ ಹೋದಳು.