ಹಳ್ಳದ ಮೇಲೆ ಇಲ್ಲದ ಸೇತುವೆ

ರೀ,

ಇವತ್ತು ಆಸ್ಪತ್ರೆಯಲ್ಲಿ ನನಗೆ ಬೆಳಗಿನ ಪಾಳಿ, ಹೊರಟೆ. ತಿಂಡಿ ಮುಚ್ಚಿಟ್ಟಿದ್ದೇನೆ. ಮೊದಲು ಇದನ್ನು ಓದಿ, ಆಮೇಲೆ ತಿನ್ನಿ.

ನಿನ್ನೆ ಊಟಕ್ಕೆ ಕೂತಾಗ ನೀವು ನಕ್ಕಿದ್ದು ನನಗೆ ಒಂಚೂರೂ ಹಿಡಿಸಲಿಲ್ಲ. ನಿಮ್ಮ ಕಚೇರಿಯ ಹೊಸ ಎಐ ನಕ್ಷೆ ಬರೆಯುವಾಗ ಹಳ್ಳದ ಮೇಲೆ ಇಲ್ಲದ ಸೇತುವೆ ಹಾಕಿದೆ. ಅದು ನಿಮ್ಮ ಕಣ್ಣಿಗೆ ಬಿದ್ದರೂ "ಸರಿ ಇದೆ" ಎಂದು ಗುರುತು ಹಾಕಿ ಬಂದಿರಿ. "ಅದು ಮುಗ್ಗರಿಸಲಿ ಬಿಡು, ಆಗ ನನ್ನ ಬೆಲೆ ಗೊತ್ತಾಗುತ್ತೆ" ಅಂದಿರಿ.

ಮುಗ್ಗರಿಸುವವರು ಯಾರು ಸ್ವಾಮಿ? ನಮ್ಮ ಆಂಬುಲೆನ್ಸ್ ಡ್ರೈವರುಗಳು ಫೋನಿನ ನಕ್ಷೆ ನಂಬಿಕೊಂಡೇ ಗಾಡಿ ಓಡಿಸುತ್ತಾರೆ. ಹೆರಿಗೆ ನೋವಿನ ಹೆಂಗಸನ್ನು ಹಳ್ಳದ ದಂಡೆಯಲ್ಲಿ ಮಲಗಿಸಿಕೊಂಡು ಅವರು ನಿಮ್ಮ ಬೆಲೆ ಕಟ್ಟಬೇಕೇ?

ಇಪ್ಪತ್ತಾರು ವರ್ಷ ಕೈಯಲ್ಲಿ ನಕ್ಷೆ ಬರೆದವರನ್ನು ಬರೀ ಎಐ ಮಾಡಿದ ತಪ್ಪು ಹುಡುಕಲು ಕೂರಿಸಿದ್ದಾರೆ ಎಂಬ ಸಂಕಟ ನನಗೂ ಇದೆ. ನೀವು ಹೊಟ್ಟೆ ತುಂಬ ಉಣ್ಣದೆ ತಿಂಗಳಾಯಿತು, ನಾನೇನು ಕುರುಡಿಯಲ್ಲ. ಆದರೆ ಮದುವೆಯಾದ ಹೊಸದರಲ್ಲಿ, ಒಂದು ಕಾಲುದಾರಿ ಎಲ್ಲಿ ತಿರುಗುತ್ತದೆ ಎಂದು ಅನುಮಾನ ಬಂದು, ರಜೆಯ ದಿನ ನನ್ನನ್ನೂ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ ನೋಡಿ ಬಂದವರು ನೀವು. ಆ ಮನುಷ್ಯ ಅಂದರೆ ನನಗೆ ಈಗಲೂ ಪ್ರಾಣ.

ಇವತ್ತು ಹನ್ನೊಂದು ಗಂಟೆಗೆ ನಕ್ಷೆ ಎಲ್ಲರ ಫೋನಿಗೂ ಹೋಗುತ್ತದೆ ಅಂದಿರಲ್ಲ, ಅಷ್ಟರೊಳಗೆ ಹೋಗಿ ಆ ಸೇತುವೆ ತೆಗೆಸಿ. "ನಿನ್ನೆ ಯಾಕೆ ಬಾಯಿ ಬಿಡಲಿಲ್ಲ" ಎಂದು ಸಾಹೇಬರು ಕೂಗಾಡಿದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಿ. ಸಂಜೆ ನಾನು ಒಂದು ಮಾತೂ ಬೈಯುವುದಿಲ್ಲ, ನಿಮ್ಮಾಣೆ.