ಹ್ಯಾಲೊರನ್ ಕೇಳಿದ ಮಾತು

ಆಕ್ರನ್, ಒಹಾಯೊ
ಅಕ್ಟೋಬರ್ 9, ಗುರುವಾರ

ಅಪ್ಪನ ಜೊತೆ ವಾದಕ್ಕಿಳಿಯುವ ಮಗಳು ಜೋಲೀನ್‌ಗೆ, ಈ ಸಲದ ವಾದದಲ್ಲಿ ಸೋಲಲೆಂದೇ ಕೂತಿರುವ ಅಪ್ಪನ ಪ್ರೀತಿ.

ಮಂಗಳವಾರ "ಸೂಪ್ ಉಕ್ಕುತ್ತಿದೆ" ಎಂದು ಫೋನ್ ಇಟ್ಟೆನಲ್ಲ, ಒಲೆಯ ಮೇಲೆ ಏನೂ ಇರಲಿಲ್ಲ. ಉಕ್ಕುತ್ತಿದ್ದವನು ನಾನು. ಕಾಗದ ಬರೆಯುತ್ತಿರುವುದೂ ಅದಕ್ಕೇ: ಇದರ ಮಧ್ಯೆ ನೀನು ಬಾಯಿ ಹಾಕಲಾರೆ.

ನಮ್ಮ ಬೇಸ್‌ಬಾಲ್ ಕ್ಲಬ್ಬಿನ ಆಟಗಾರರನ್ನು ಆರಿಸಿ ತರುವ ಜನರಲ್ ಮ್ಯಾನೇಜರ್ ಹ್ಯಾಲೊರನ್ ಬಗ್ಗೆ ಭಾನುವಾರ ಪತ್ರಿಕೆಯಲ್ಲಿ ನಿನ್ನ ಅಂಕಣ ಬರುತ್ತದೆ. ಸೋಮವಾರ ಮಾಲೀಕರು ಅವನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ತೀರ್ಮಾನಿಸಲು ಕೂರುವಾಗ ಅದು ಅವರ ಕೈಯಲ್ಲಿರುತ್ತದೆ. ಒಂಬತ್ತು ವರ್ಷದಲ್ಲಿ ನಾಲ್ಕು ಸಲ ನಮ್ಮನ್ನು ಪ್ಲೇಆಫ್‌ಗೆ ಒಯ್ದವನು, ಮುದುಕನೆಂದು ಎಲ್ಲರೂ ಕೈಬಿಟ್ಟಿದ್ದ ಓರ್ಟೇಗಾನನ್ನು ತಂದು ಗೆದ್ದವನು ಎಂದೆಲ್ಲ ನಾನು ಫೋನಿನಲ್ಲಿ ಹೇಳಿದೆ. ನೀನು ಒಂದೇ ಹೆಸರೆತ್ತಿದೆ: ಚೆಂಡೆಸೆಯುವ ಕೋಪ್‌ಲ್ಯಾಂಡ್. "ಆ ಒಬ್ಬ ಪಿಚರ್‌ಗೋಸ್ಕರ ನಮ್ಮ ಮೂರು ಆಟಗಾರ ಹುಡುಗರನ್ನ ಬದಲಿಗೆ ಕೊಟ್ಟ ಅಪ್ಪಾ. ಇವನು ಹನ್ನೊಂದೇ ಪಂದ್ಯಕ್ಕೆ ಭುಜ ಹಿಡ್ಕೊಂಡು ಕೂತ, ಅವ್ರು ಮೂವರೂ ಬೇರೆ ಕಡೆ ಮೆರೀತಿದಾರೆ. ಹ್ಯಾಲೊರನ್‌ಗೆ ಕಿವಿಯೇ ಇಲ್ಲ. ನಿನ್ನಂಥ ಸ್ಕೌಟ್‌ಗಳ ಮಾತು ಕೇಳಿದ್ರೆ ಹೀಗಾಗ್ತಿತ್ತಾ?"

ಕೇಳಿದ್ದ, ಮಗಳೇ. ನನ್ನ ಮಾತನ್ನೇ ಕೇಳಿದ್ದ.

ಕೋಪ್‌ಲ್ಯಾಂಡ್‌ನನ್ನು ನೋಡಿ ವರದಿ ಕೊಡಲು, ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟ್ ಆಗಿ ನಾಕ್ಸ್‌ವಿಲ್‌ಗೆ ಹೋದವನು ನಾನು. ಉರಿಬಿಸಿಲಿನ ಮಧ್ಯಾಹ್ನ. ಐದು ಇನ್ನಿಂಗ್ಸ್ ಹುಡುಗನ ಎಸೆತ ಸಿಡಿಲಿನಂತಿತ್ತು. ಆ ಊರಿನ ಒಂದು ಅಂಗಡಿಯಲ್ಲಿ ಹೊಗೆಯಲ್ಲಿ ಬೆಂದ ಹಂದಿಯ ಪಕ್ಕೆಲುಬು ಮೂರು ಗಂಟೆಗೆಲ್ಲ ಖಾಲಿ. ಪಂದ್ಯ ಬಿಟ್ಟು ಎದ್ದು ಹೋದೆ. ಆಮೇಲೆ ಮೈದಾನದಲ್ಲಿ ನನ್ನ ಪಕ್ಕ ಕೂತಿದ್ದ ಬಡ್ ಸ್ಟಾಲರ್‌ಗೆ ಫೋನ್ ಮಾಡಿದೆ. ಅವನು ಬೇರೆ ಕ್ಲಬ್ಬಿನ ಸ್ಕೌಟ್ ಎಂಬುದೂ ಆ ರುಚಿಯಲ್ಲಿ ಮರೆತಿತ್ತು. "ಕೊನೇವರೆಗೂ ಅದೇ ವೇಗ ಕಣೋ ಲೊವೆಲ್, ನೀನು ನೆಮ್ಮದಿಯಾಗಿ ತಿನ್ನು" ಅಂದ. ಅವನು ಎಸೆದ ಎಂಟೂ ಇನ್ನಿಂಗ್ಸ್ ಕಣ್ಣಾರೆ ನೋಡಿದೆ, ವೇಗ ತಗ್ಗಲಿಲ್ಲ ಎಂದು ಬರೆದುಬಿಟ್ಟೆ. ಆರನೆಯದರಿಂದಲೇ ವೇಗ ಕುಸಿದಿತ್ತು, ಎಸೆದಾಗಲೆಲ್ಲ ಹುಡುಗ ಕೈ ಕೊಡವುತ್ತಿದ್ದ ಎಂದು ಮರುವರ್ಷ ಬಡ್‌ನೇ ನಗುತ್ತ ಹೇಳಿದ. "ನೀನು ನಂಬಿಬಿಡ್ತೀಯ ಅಂತ ನಂಗೇನ್ ಗೊತ್ತು?"

ಭುಜದ ಆಪರೇಷನ್ ಆದ ದಿನ ಇವನನ್ನು ಆರಿಸಿದ್ದು ಯಾರೆಂದು ಪತ್ರಕರ್ತರು ಕೇಳಿದಿರಿ, ನೀನೂ ಇದ್ದೆ. ಹ್ಯಾಲೊರನ್ "ನಾನು" ಅಂದ. ಪಕ್ಕೆಲುಬನ್ನು ನಾನು ಹೊಟ್ಟೆಗೆ ಹಾಕಿಕೊಂಡೆ, ನನ್ನ ತಪ್ಪನ್ನು ಅವನು.

ಮೂವರನ್ನು ಕೊಟ್ಟದ್ದು ತಪ್ಪೆಂದು ಬರಿ, ಸಹಿ ಅವನದೇ. ಕಿವಿಯಿಲ್ಲದವನು ಎಂದು ಮಾತ್ರ ಬರೆಯಬೇಡ. ವರದಿ ಸುಳ್ಳೆಂದು ಬರಿ, ಬರೆದವನ ಹೆಸರೂ ಹಾಕು. ನಿನ್ನದೇ ಅಂಕಣದಲ್ಲಿ ನಿನ್ನ ಮನೆತನದ ಹೆಸರು ಹಾಗೆ ಅಚ್ಚಾಗುವುದು ನಿನಗೆ ಕಷ್ಟ, ಗೊತ್ತು. ಅಚ್ಚಾಗದೆ ಉಳಿದದ್ದು ಮೂರು ವರ್ಷದಿಂದ ನನಗೆ ಕಷ್ಟವಾಗಿದೆ.

ನಿನ್ನ ಅಪ್ಪ,
ಲೊವೆಲ್ ಗ್ರಿಗ್ಸ್

ತಾ.ಕ.: ಅಚ್ಚಿಗೆ ಕಳಿಸುವ ಮುಂಚೆ ನೀನು ಹ್ಯಾಲೊರನ್‌ಗೆ ಫೋನ್ ಮಾಡದೆ ಇರುವವಳಲ್ಲ. ನನ್ನ ನಿವೃತ್ತಿಯ ದಿನ ಅವನು ಕೋಣೆಯ ಬಾಗಿಲು ಮುಚ್ಚಿ, "ಲೊವೆಲ್, ನಾಕ್ಸ್‌ವಿಲ್‌ನಲ್ಲಿ ಕೊನೇವರೆಗೂ ಕೂತಿದ್ದೆ ತಾನೆ?" ಅಂದ. "ಹೂಂ" ಅಂದೆ. ಅವನ ಮೇಜಿನ ಮೇಲೆ ಆ ನಾಕ್ಸ್‌ವಿಲ್ ಪಂದ್ಯದ ಒಂದೊಂದು ಎಸೆತದ ವೇಗದ ಪಟ್ಟಿ ಬಿದ್ದಿತ್ತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡು ನನಗೆ ಕೇಕ್ ಕತ್ತರಿಸಿ ಕೊಟ್ಟ. ನೀನು ಕೇಳಿದರೂ ಲೊವೆಲ್ ಕೊನೆಯವರೆಗೆ ಕೂತಿದ್ದ ಎಂದೇ ಹೇಳುತ್ತಾನೆ. ನಂಬಬೇಡ.